ಕುರಿಯ ತಲೆ ಯಾರ ಮುಂದೆ

ನಮ್ಮ ಬೆಟ್ಟಕ್ಕೆ ಪ್ರವಾಸಿಗರ ಬಸ್ಸು ಬರುವುದು ಹನ್ನೊಂದಕ್ಕೆ, ಹಿಂದಿರುಗುವುದು ಐದಕ್ಕೆ. ಆ ಶನಿವಾರ ಹಿಂದಿರುಗುವಾಗ ಅದು ನನ್ನ ಮಾವನನ್ನೂ ಕೂರಿಸಿಕೊಂಡು ಹೋಗಬೇಕೆಂದು ತೀರ್ಮಾನವಾಗಿತ್ತು. ಆಸ್ಪತ್ರೆಗೆ ತೋರಿಸಿ ವಾಪಸು ಕಳಿಸುವುದಕ್ಕಲ್ಲ, ಪಟ್ಟಣದಲ್ಲೇ ಇರಿಸಿಕೊಳ್ಳುವುದಕ್ಕೆ. ತೀರ್ಮಾನ ಮಾಡಿದವರು ನನ್ನ ಗಂಡನ ಅಣ್ಣ. ನನ್ನನ್ನು ಯಾರೂ ಕೇಳಲಿಲ್ಲ. ಮಾವನನ್ನು ಕೇಳಿದ್ದರಂತೆ, ಅವರು "ಹೂಂ" ಅಂದಿದ್ದರಂತೆ. ಎಂಬತ್ತಮೂರು ವರ್ಷದ ಬಾಯಿಂದ ಬಂದ ಒಂದೇ ಒಂದು "ಹೂಂ" ಹಿಡಿದುಕೊಂಡು ಒಂದು ಮನೆಯ ಒಲೆಯನ್ನೇ ಆರಿಸಬಹುದು ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ.

ಭಾವನ ಹೆಸರನ್ನು ಈಗಲೇ ಹೇಳುವುದಿಲ್ಲ. ನಮ್ಮಲ್ಲಿ ಸೊಸೆಯಾಗಿ ಬಂದವಳು ಗಂಡನ ಮನೆಯ ಹಿರಿಯರನ್ನು ಹೆಸರು ಹಿಡಿದು ಕರೆಯುವಂತಿಲ್ಲ. ತಾನೇ ಒಂದೊಂದು ಹೆಸರಿಟ್ಟುಕೊಂಡು ಕರೆಯಬೇಕು. ಇಪ್ಪತ್ತಕ್ಕೆ ನಾನು ಈ ಮನೆಗೆ ಬಂದಾಗ ಭಾವನಿಗೆ ಇಟ್ಟ ಹೆಸರು ಮುಂಗುದುರೆ. ಬೇಸಿಗೆಗೆ ಬೆಟ್ಟದ ಹುಲ್ಲುಗಾವಲಿಗೆ ವಲಸೆ ಹೊರಟರೆ ಎಲ್ಲರಿಗಿಂತ ಮುಂದೆ ಅವರದೇ ಕುದುರೆ. ಸಾಮಾನು ಹೇರಿದ ಒಂಟೆಯ ಹಿಂದೆ ಧೂಳು ತಿನ್ನುತ್ತ ಬರುವವರು ನಾವು. ಅವರಿಗೆ ಆ ಹೆಸರು ಬಹಳ ಹಿಡಿಸಿತು. ಅದರಲ್ಲಿ ಕೀಟಲೆಯೂ ಇದೆಯೆಂದು ಇವತ್ತಿಗೂ ಹೊಳೆದಿಲ್ಲ. ಮಾವನಿಗೆ ಹೆಸರಿಡುವ ಧೈರ್ಯ ಬರಲಿಲ್ಲ, ಮಾವಯ್ಯ ಅಂದೆ, ಅದೇ ಉಳಿಯಿತು. ಇಬ್ಬರ ನಿಜವಾದ ಹೆಸರೂ ಮೂವತ್ತೊಂದು ವರ್ಷ ಈ ಬಾಯಲ್ಲಿ ಬಂದಿರಲಿಲ್ಲ. ಆ ಶನಿವಾರ ಬಂತು.

ಅವತ್ತು ಬೆಳಿಗ್ಗೆ ಹಾಲು ಕರೆಯುವಾಗಲೇ ನನಗೆ ಮೂಗಿನ ತುದಿಯಲ್ಲಿ ಕೋಪ. ಕುದುರೆ ಮರಿಗಳನ್ನು ಸಾಲಾಗಿ ಕಟ್ಟಿದ ಉದ್ದ ಹಗ್ಗದ ಹತ್ತಿರ ಮಾವಯ್ಯ ಬಗ್ಗಿ ಕಂದು ಮರಿಯ ಗಂಟು ಬಿಚ್ಚುತ್ತಿದ್ದರು. ಕುದುರೆ ಹಸುವಿನ ಹಾಗಲ್ಲ. ಮೊದಲು ಮರಿ ಬಾಯಿಡಬೇಕು, ನಾಲ್ಕು ಗುಟುಕು ಕುಡಿಯಬೇಕು, ಆಗಲೇ ತಾಯಿ ಹಾಲಿಳಿಸುವುದು. ಆಮೇಲೆ ಮರಿಯನ್ನು ಎಳೆದು ಅವಳ ಕಣ್ಣಿಗೆ ಬೀಳುವ ಹಾಗೆ ಪಕ್ಕದಲ್ಲೇ ಹಿಡಿದುಕೊಂಡಿದ್ದರೆ ಮಾತ್ರ ನನ್ನ ಬಕೆಟ್ಟಿಗೆ ಹಾಲು. ಆ ಹಿಡಿದುಕೊಳ್ಳುವ ಕೆಲಸ ಮಾವಯ್ಯನದು. ನನ್ನ ಗಂಡ ತೀರಿಕೊಂಡ ಮೇಲೆ ಐದು ಬೇಸಿಗೆ, ದಿನಕ್ಕೆ ಆರು ಸಲ, ನಾನು ಒಂದು ಮಂಡಿಯೂರಿ ಇನ್ನೊಂದರ ಮೇಲೆ ಬಕೆಟ್ಟಿಟ್ಟು ಕರೆಯುವುದು, ಅವರು ಮರಿಯ ಕತ್ತು ಅಪ್ಪಿಕೊಂಡು ನಿಲ್ಲುವುದು.

"ನಾಳೆಯಿಂದ ಈ ಮರಿ ಯಾರು ಹಿಡೀತಾರೆ, ಮಾವಯ್ಯ?" ಅಂದೆ.

"ಯಾರನ್ನಾದ್ರೂ ಇಟ್ಕೋ."

"ಇಟ್ಕೊಳ್ಳೋಕೆ ಮಾವಂದಿರು ಸಂತೇಲಿ ಸಿಗ್ತಾರಾ?"

ಅವರು ನಗಲಿಲ್ಲ. ಒಂದು ಸಲ ಕೆಮ್ಮಿ, ಮರಿಯ ಕೂದಲಿಗೆ ಅಂಟಿದ ಮುಳ್ಳು ಕೀಳುತ್ತ ನಿಂತರು.

"ನೋಡು ಬಾಲ್ಜಾನ್, ಏಪ್ರಿಲ್‌ನಲ್ಲಿ ಕುದುರೆ ಮೇಲಿಂದ ಬಿದ್ದಾಗ ನನ್ನ ಎತ್ತಿ ತಂದೋಳು ನೀನು. ಹದಿನೈದು ದಿನ ಕಾಲಿಗೆ ಕೊಬ್ಬು ಹಚ್ಚಿ ತಿಕ್ಕಿದೋಳು ನೀನು. ಇನ್ನೆಷ್ಟು ದಿನ ಈ ಮುದುಕನ್ನ ಹೊರ್ತೀಯ? ದೊಡ್ಡೋನು ಕರೀತಾ ಇದಾನೆ, ಹೋಗ್ತೀನಿ. ನೀನೂ ಮಗಳ ಮನೆಗೆ ಹೋಗಿ ಹಾಯಾಗಿರು."

"ನೀವು ಭಾರ ಅಂತ ನಾನು ಅಂದ್ನಾ?"

"ಅನ್ಲಿಲ್ಲ."

"ಮತ್ತೆ ನಾನು ಆಡದೇ ಇರೋ ಮಾತಿಗೆ ನೀವ್ಯಾಕೆ ಹೂಂ ಅಂದ್ರಿ?"

"ಜಗಳ ತೆಗೀಬೇಡ ತಾಯಿ. ಜನ ಬರ್ತಾರೆ ಇವತ್ತು."

"ಜನ ಬರೋದು ಕುದುರೆ ನೋಡೋಕೆ. ಜಗಳಾನೂ ನೋಡ್ಕೊಂಡು ಹೋಗ್ಲಿ ಬಿಡಿ, ಪುಕ್ಕಟೆ."

ಆಗ ಸ್ವಲ್ಪ ನಕ್ಕರು. ನಗುತ್ತಲೇ ಮತ್ತೆ ಕೆಮ್ಮಿದರು. ಆ ಕೆಮ್ಮು ನನಗೂ ಕೇಳಿಸುತ್ತದೆ, ನಾನೇನು ಕಿವುಡಿಯಲ್ಲ. ಆದರೆ ಮಾರ್ಚಿನಲ್ಲಿ ಕೆಳಗಿನ ಊರಿನ ಇಟ್ಟಿಗೆ ಮನೆಯಲ್ಲಿದ್ದಾಗ ಅದು ಇದಕ್ಕಿಂತ ಹೆಚ್ಚಿತ್ತು. ಇಲ್ಲಿಗೆ, ಕೋಕ್‌ಬಸ್ತಾವ್ ಬೆಟ್ಟದ ಗಾಳಿಗೆ ಬಂದ ಮೇಲೆ ಅರ್ಧಕ್ಕರ್ಧ ಇಳಿದಿದೆ. ಇದನ್ನು ಭಾವನಿಗೆ ಫೋನಿನಲ್ಲಿ ಹೇಳುವುದಕ್ಕೆ ಸಿಗ್ನಲ್ ಸಿಗುವ ದಿಬ್ಬದವರೆಗೂ ಹತ್ತಿ ಹೋಗಿದ್ದೆ. "ನೀನೇನು ಡಾಕ್ಟರಾ?" ಎಂದಿದ್ದರು.

ಹಾಲನ್ನು ತೊಗಲ ಚೀಲಕ್ಕೆ ಸುರಿದು, ಕಡೆಗೋಲಿನಿಂದ ನನ್ನ ಸಿಟ್ಟಿಗೆ ತಕ್ಕಷ್ಟು ಕಡೆದು, ಕುರಿಯ ತಲೆ ಸುಡಲು ಕೂತೆ. ಹಿಂದಿನ ದಿನವೇ ಕುರಿ ಕೊಯ್ದಾಗಿತ್ತು. ಬೆರಣಿ ಬೆಂಕಿಯಲ್ಲಿ ತಲೆಯ ಕೂದಲು ಸುಟ್ಟು, ಮಸಿ ಕೆರೆದು, ಹಲ್ಲು ಕಿತ್ತು, ಕೆಳದವಡೆ ಬೇರೆ ಮಾಡಿದೆ. ಕೆಳದವಡೆ ಅತಿಥಿಗಳ ಮುಂದೆ ಹೋಗುವಂತಿಲ್ಲ, ನಾಲಿಗೆಯ ಸಮೇತ ಪಾತ್ರೆಯಲ್ಲೇ ಉಳಿಯುತ್ತದೆ. ಆ ನಾಲಿಗೆಯನ್ನೂ ಮನೆಯಲ್ಲಿ ಯಾರು ಬೇಕಾದರೂ ತಿನ್ನಬಹುದು, ಸೊಸೆ ಮಾತ್ರ ತಿನ್ನಬಾರದು. ತಿಂದರೆ ಬಾಯಿ ಜೋರಾಗುತ್ತದಂತೆ. ಮೂವತ್ತೊಂದು ವರ್ಷದಲ್ಲಿ ನನಗೆ ಒಂದು ತುಂಡೂ ಸಿಕ್ಕಿಲ್ಲ. ಸಿಗದೆಯೇ ಇಷ್ಟು ಮಾತಾಡುತ್ತೇನೆ.

ತಲೆ ಸುಡುವಾಗ ಗಂಡನ ನೆನಪಾಗದೆ ಇರುವುದಿಲ್ಲ. ಬೆಂದ ತಲೆ ಹೋಗುವುದು ಅತಿಥಿಗಳಲ್ಲಿ ಹಿರಿಯರ ಮುಂದೆ, ಅತಿಥಿಗಳಿಲ್ಲದಿದ್ದರೆ ಮನೆಯ ಹಿರಿಯರ ಮುಂದೆ. ಅವರು ಕೊಯ್ದು ಹಂಚಬೇಕು. ಆದರೆ ಅಪ್ಪ ಬದುಕಿರುವವನು, ಅವನಿಗೆ ಎಷ್ಟೇ ವಯಸ್ಸಾಗಿರಲಿ, ಆ ತಲೆಗೆ ಚಾಕು ಹಾಕುವಂತಿಲ್ಲ. ಹಾಕಿದರೆ ನನ್ನಪ್ಪ ಸತ್ತ ಎಂದು ಹತ್ತು ಜನರ ಮುಂದೆ ಸಾರಿದ ಹಾಗೆ. ನನ್ನ ಗಂಡ ಮದುವೆ ಮನೆಯಲ್ಲಿ, ಸಾವಿನ ಊಟದಲ್ಲಿ, ತಟ್ಟೆ ತನ್ನ ಮುಂದೆ ಬಂದಾಗಲೆಲ್ಲ ಎರಡೂ ಕೈಯಿಂದ ಹಿಂದಕ್ಕೆ ತಳ್ಳಿ "ನಮ್ಮಪ್ಪ ಇದ್ದಾರೆ" ಎನ್ನುತ್ತಿದ್ದ. ಹಾಗೆನ್ನುವಾಗ ಅವನ ಮುಖದಲ್ಲೊಂದು ಜಂಬ. ಕೊನೆಗೆ ಅಪ್ಪನಿಗಿಂತ ಮೊದಲೇ ಹೊರಟುಹೋದ. ಐವತ್ತು ವರ್ಷ ಬದುಕಿ, ನೂರಾರು ಕುರಿ ಸಾಕಿ, ಒಂದೇ ಒಂದು ತಲೆ ಕೊಯ್ಯದೆ ಹೋದ. ಅವನು ಮನೆಯ ಕಿರಿಯ ಮಗ. ಕಿರಿಯವನ ಮನೆಯೇ ಅಪ್ಪನ ಮನೆ, ಅದು ನಮ್ಮಲ್ಲಿ ಯಾರೂ ಚರ್ಚಿಸುವ ವಿಷಯವಲ್ಲ. ಅವನು ಹೋದ ಮಾತ್ರಕ್ಕೆ ಆ ಮನೆ ಯಾಕೆ ಮುಚ್ಚಬೇಕು? ನಾನಿಲ್ಲವೇ?

ಹನ್ನೊಂದೂಕಾಲಿಗೆ ಬಸ್ಸು ಬಂತು. ಮೊದಲು ಇಳಿದವರು ಭಾವ. ಪಟ್ಟಣದ ಪ್ಯಾಂಟಿನ ಮೇಲೆ ಚಿನ್ನದ ದಾರದ ಹೂವು ಹೆಣೆದ ಮಕಮಲ್ಲಿನ ನಿಲುವಂಗಿ. ಅಲ್ಮಾಟಿ ಪಟ್ಟಣದಲ್ಲಿ ಅವರದೊಂದು ಪ್ರವಾಸದ ಕಂಪನಿ. ಪ್ರತಿ ಶನಿವಾರ ಜನರನ್ನು ಬೆಟ್ಟಕ್ಕೆ ತಂದು, ಕುದುರೆ ಹಾಲು ಕುಡಿಸಿ, ಸಂಜೆಗೆ ವಾಪಸು ಕರೆದುಕೊಂಡು ಹೋಗುವುದು. ಅವರ ಹಿಂದೆ ಇಳಿದವನು ಬಸ್ಸಿನ ಡ್ರೈವರ್ ಎಸೆಂಗೆಲ್ಡಿ. ಅವನು ಎಲ್ಲಕ್ಕಿಂತ ಮೊದಲು ಹೋಗಿ ಮಾವಯ್ಯನ ಕೈಯನ್ನು ತನ್ನೆರಡೂ ಕೈಯಲ್ಲಿ ಹಿಡಿದು ಕ್ಷೇಮ ವಿಚಾರಿಸಿದ. ಭಾವ ಎಲ್ಲಕ್ಕಿಂತ ಮೊದಲು ನನ್ನ ಬಟ್ಟೆ ನೋಡಿದರು.

"ಏನಮ್ಮಾ ಬಾಲ್ಜಾನ್, ನಾನು ಕಳಿಸಿದ ಡ್ರೆಸ್ ಯಾಕೆ ಹಾಕ್ಕೊಂಡಿಲ್ಲ?"

"ಅದರ ಟೋಪಿಗೆ ಗೂಬೆ ಗರಿ ಇದೆ, ಭಾವ. ಗರಿ ಟೋಪಿ ಮದುವೆಯಾಗದ ಹುಡುಗೀರದ್ದು. ನನಗೆ ಐವತ್ತೊಂದು. ಯಾರಾದ್ರೂ ನೋಡಿ ಹೆಣ್ಣು ಕೇಳೋಕೆ ಬಂದ್ರೆ ಮಾತುಕತೆಗೆ ನೀವೇ ಕೂರ್ತೀರಾ?"

ಎಸೆಂಗೆಲ್ಡಿ ಬಸ್ಸಿನ ಹಿಂದೆ ಹೋಗಿ ನಕ್ಕ.

"ತಮಾಷೆ ಸಾಕು. ಡ್ರೆಸ್ ಎಲ್ಲಿ?"

"ಕರುವಿಗೆ ಹೊದಿಸಿದೀನಿ. ಚಳಿ ಹಿಡಿದಿತ್ತು ಪಾಪ."

ಭಾವ ಮರದ ಹಂದರಕ್ಕೆ ಉಣ್ಣೆ ಹೊದಿಸಿದ ನಮ್ಮ ದುಂಡು ಕಂಬಳಿ ಮನೆಯೊಳಗೆ ಹೋಗಿ ಅಪ್ಪನ ಗಂಟು ತಂದು ಬಸ್ಸಿಗೆ ಹಾಕಿಸಿದರು. ಎರಡು ಅಂಗಿ, ನಮಾಜಿನ ಚಾಪೆ, ಶಾಲಿನಲ್ಲಿ ಸುತ್ತಿದ, ತೀರಿಹೋದ ಅತ್ತೆಯ ಚಹಾ ಬಟ್ಟಲು. ಅವರ ಕುದುರೆಯ ಜೀನು ಗೋಡೆಯಲ್ಲೇ ಉಳಿಯಿತು. "ಒಂಬತ್ತನೇ ಮಹಡೀಲಿ ಜೀನು ಯಾವುದರ ಮೇಲೆ ಹಾಕ್ತೀರಪ್ಪಾ, ಸೋಫಾ ಮೇಲಾ?" ಎಂದು ನಕ್ಕರು. ಮಾವಯ್ಯ ಜೀನನ್ನೊಮ್ಮೆ ನೋಡಿ ಆಚೆ ತಿರುಗಿದರು.

ಭಾವ ಕೆಟ್ಟವರಲ್ಲ. ಅಪ್ಪನ ಕೆಮ್ಮು ಕೇಳಿ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ. ಆದರೆ ಅದೇ ಕಣ್ಣು ನಮ್ಮ ಒರತೆಯ ಸುತ್ತಲಿನ ಬಯಲನ್ನು ಅಳೆದದ್ದನ್ನೂ ನೋಡಿದ್ದೇನೆ. ಇಲ್ಲಿ ಹನ್ನೆರಡು ಸಿಮೆಂಟಿನ ಮನೆ ಬರುತ್ತವಂತೆ. ದುಂಡಗೆ ಕಟ್ಟಿಸುತ್ತಾರಂತೆ, ದೂರದಿಂದ ಕಂಬಳಿ ಮನೆಯ ಹಾಗೆ ಕಾಣಲಿ ಎಂದು. ಹುಲ್ಲುಗಾವಲಿನ ಕಾಗದ ಇರುವುದು ಮಾವಯ್ಯನ ಹೆಸರಿನಲ್ಲಿ. ಮಾವಯ್ಯ ಇಲ್ಲಿ ಕುದುರೆ ಕಟ್ಟಿಕೊಂಡಿರುವವರೆಗೆ ಒಂದು ಕಲ್ಲೂ ಅಲುಗುವುದಿಲ್ಲ. ಒಂಬತ್ತನೇ ಮಹಡಿಯಲ್ಲಿ ಕೂರಿಸಿದರೆ ಒಂದು ಚಹಾ ಮುಗಿಯುವುದರೊಳಗೆ ರುಜು ಹಾಕಿಸಬಹುದು. ಕಣ್ಣೀರೂ ನಿಜ, ಅಳತೆಯೂ ನಿಜ. ಬರೀ ಕೆಟ್ಟವರಾಗಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಬಂದವರು ಹದಿನಾಲ್ಕು ಜನ, ನಾಲ್ಕೈದು ದೇಶದವರು. ಅವರ ಮೇಲೆ ನನಗೇನೂ ಕೋಪವಿಲ್ಲ. ಅತಿಥಿ ಅತಿಥಿಯೇ, ಯಾರು ಕರೆತಂದರೇನು. ಅವರಲ್ಲಿ ಬಿಳಿಗೂದಲಿನ ಒಬ್ಬಾಕೆ, ಎಪ್ಪತ್ತೈದು ದಾಟಿರಬೇಕು, ಬಂದವಳೇ ಮರಿಗಳ ಹಗ್ಗದ ಹತ್ತಿರ ಹೋಗಿ ಸರಿಯಾದ ಕಡೆಯಿಂದ ಕೈ ಚಾಚಿ ಮರಿಯ ಕತ್ತು ತುರಿಸಿದಳು. ಊರಲ್ಲಿ ಹಸು ಸಾಕಿದವಳಿರಬೇಕು.

"ಮರಿ ಎಲ್ಲಾ ಬಿಚ್ಚಿಬಿಡು," ಅಂದರು ಭಾವ. "ಬಯಲಲ್ಲಿ ಓಡಾಡ್ಲಿ. ಫೋಟೋಗೆ ಚೆನ್ನಾಗಿರುತ್ತೆ."

"ಬಿಚ್ಚಿದ್ರೆ ಅಮ್ಮಂದಿರ ಹಾಲು ಅಷ್ಟೂ ಕುಡಿದುಬಿಡ್ತವೆ. ಆಮೇಲೆ ನಿಮ್ಮ ಅತಿಥಿಗಳಿಗೆ ನಾನೇನು ಕರೆದು ತೋರಿಸ್ಲಿ, ನನ್ನ ತಲೇನಾ?"

"ಒಂದು ದಿನ ಕುಡಿದ್ರೆ ಏನು ಗಂಟು ಹೋಗುತ್ತೆ?"

"ಇದನ್ನ ನೀವು ಕೇಳ್ತಾ ಇದೀರಾ ಭಾವ? ಹದಿನೆಂಟು ವರ್ಷದತನಕ ಈ ಹಗ್ಗದ ಮಗ್ಗುಲಲ್ಲೇ ಬೆಳೆದೋರು?"

ಅವರ ಕಿವಿ ಕೆಂಪಗಾಯಿತು. ಮರಿ ಬಿಚ್ಚಲಿಲ್ಲ. ನಾನು ಹಾಲು ಕರೆದೆ, ಮಾವಯ್ಯ ಮರಿ ಹಿಡಿದರು, ಜನ ಫೋಟೋ ಹಿಡಿದರು. ಕುಮಿಸ್, ಅಂದರೆ ಚೀಲದಲ್ಲಿ ಕಡೆದು ಹುಳಿ ಬರಿಸಿದ ಕುದುರೆ ಹಾಲು, ಕುಡಿದು ಕೆಲವರು ಹುಳಿಗೆ ಮುಖ ಕಿವುಚಿದರು. ಬಿಳಿಗೂದಲಿನಾಕೆ ಎರಡು ಬಟ್ಟಲು ಕುಡಿದಳು.

ಎರಡು ಗಂಟೆಗೆ ಊಟ. ಒಳಗೆ ಬಾಗಿಲೆದುರಿನ ಎತ್ತರದ ಜಾಗದಲ್ಲಿ, ಹಿರಿಯರು ಕೂರುವಲ್ಲಿ, ಭಾವ ಚಕ್ಕಳಮಕ್ಕಳ ಹಾಕಿ ಕೂತರು. ಅವರ ಎಡಬಲಕ್ಕೆ ಅತಿಥಿಗಳು. ಊಟಕ್ಕೆ ಮೊದಲು ಕೈಗೆ ನೀರು ಹಾಕುವುದು ಮನೆಯ ಚಿಕ್ಕವರ ಕೆಲಸ. ನಾನು ಹಿತ್ತಾಳೆ ಕೂಜ ಎತ್ತಿಕೊಂಡೆ.

"ನೀನು ಬೇಡ," ಅಂದರು ಭಾವ. "ಅಪ್ಪಾ, ನೀವೇ ಹಾಕಿ. ಬಿಳಿ ಗಡ್ಡ, ಹಿತ್ತಾಳೆ ಕೂಜ, ಒಳ್ಳೆ ಫೋಟೋ."

"ಭಾವ, ಇದು ಸರಿಯಲ್ಲ."

"ಒಂದು ದಿನ ಬಾಯಿ ಮುಚ್ಕೊಂಡಿರೋಕೆ ಆಗಲ್ವಾ ನಿನಗೆ?"

ಮಾವಯ್ಯ ಬಂದು ನನ್ನ ಕೈಯಿಂದ ಕೂಜ ತೆಗೆದುಕೊಂಡರು. ನಾನು ಬಿಡಲಿಲ್ಲ. "ಬಿಡು ಮಗಳೇ, ಅತಿಥಿಗಳು," ಅಂದರು ಮೆಲ್ಲಗೆ. ಬಿಟ್ಟೆ.

ಅವರು ಒಬ್ಬೊಬ್ಬರ ಮುಂದೆಯೂ ಬಗ್ಗಿ ನೀರು ಹಾಕುತ್ತ ಬಂದರು. ಬಿಳಿಗೂದಲಿನಾಕೆ ಕೈ ಚಾಚಿದವಳು ಹಿಂದಕ್ಕೆ ಎಳೆದುಕೊಂಡಳು. ಮುರುಕು ರಷ್ಯನ್ನಿನಲ್ಲಿ ಭಾವನನ್ನು ಕೇಳಿದಳು, "ಈ ಹಿರಿಯರು ಯಾರು?"

ಭಾವ ರಷ್ಯನ್ನಿನಲ್ಲೇ ಅಂದರು, "ಕುರಿ ಕಾಯೋನು. ನಮ್ಮ ಮನೇಲಿ ಬಹಳ ಹಳೇ ಆಳು."

ನಾನು ಶಾಲೆಯಲ್ಲಿ ಹತ್ತು ವರ್ಷ ರಷ್ಯನ್ ಓದಿದವಳು. ಮಾವಯ್ಯ ಮೂರು ವರ್ಷ ಸೈನ್ಯದಲ್ಲಿದ್ದವರು, ಆ ಭಾಷೆಯಲ್ಲಿ ಬೈಗುಳವೂ ಬರುತ್ತದೆ, ಹಾಡೂ ಬರುತ್ತದೆ. ಇದು ಮಗನಿಗೆ ಗೊತ್ತಿಲ್ಲದ್ದೇನಲ್ಲ. ಬಾಯಿ ತಪ್ಪಿ ಬಂತೋ, ಅಪ್ಪ ಎಂದರೆ 'ನಿನ್ನಪ್ಪ ನಮ್ಮ ಕೈಗೆ ಯಾಕೆ ನೀರು ಹಾಕುತ್ತಿದ್ದಾನೆ' ಎಂದು ಆಕೆ ಕೇಳಿಯಾಳೆಂದು ಹೆದರಿದರೋ, ದೇವರಿಗೇ ಗೊತ್ತು. ಕೂಜದ ನೀರು ಸುರಿಯುತ್ತಲೇ ಇತ್ತು. ಬೋಗುಣಿ ತುಂಬಿ ಜಮಖಾನೆಗೆ ಹರಿಯಿತು. ಮಾವಯ್ಯ ಎಚ್ಚೆತ್ತು ಕೂಜ ಎತ್ತಿದರು, ಉಳಿದವರಿಗೂ ನೀರು ಹಾಕಿ ಮುಗಿಸಿದರು, ಹೋಗಿ ಬಾಗಿಲ ಹತ್ತಿರ, ಜನ ಬಿಚ್ಚಿಟ್ಟ ಬೂಟುಗಳ ಪಕ್ಕ ಕೂತರು.

ನಾನು ಭಾವನ ಹಿಂದೆ ಬಗ್ಗಿ ಪಿಸುಗುಟ್ಟಿದೆ. "ಮಾವಯ್ಯನ್ನ ಮೇಲೆ ಕರೆದು ಕೂರಿಸಿ."

"ಐದು ಗಂಟೆಗೆ ಎಲ್ಲಾ ಮುಗಿಯುತ್ತೆ. ಹೋಗಿ ಊಟ ತಾ."

ತಂದೆ. ಬೆಂದ ಹಿಟ್ಟಿನ ಹಾಳೆಗಳ ಮೇಲೆ ಮಾಂಸ, ಅದರ ಮೇಲೆ ತಲೆ. ಅತಿಥಿಗಳಲ್ಲಿ ಹಿರಿಯಳು ಬಿಳಿಗೂದಲಿನಾಕೆ, ಆದ್ದರಿಂದ ಮೂತಿ ಅವಳ ಕಡೆಗೆ ತಿರುಗಿಸಿ ಇಟ್ಟೆ. ಆಕೆ ತಲೆಯ ಮುಖ ನೋಡಿದಳು, ತಲೆ ಆಕೆಯ ಮುಖ ನೋಡಿತು. ಎದೆಯ ಮೇಲೆ ಕೈಯಿಟ್ಟುಕೊಂಡು, ಬಹಳ ಗೌರವದಿಂದಲೇ, ನನಗೆ ಬರುವುದಿಲ್ಲ, ನೀವೇ ಕೊಯ್ಯಿರಿ ಎಂದು ತಟ್ಟೆಯನ್ನು ಭಾವನ ಕಡೆ ಸರಿಸಿದಳು. ಆಕೆಯದೇನೂ ತಪ್ಪಿಲ್ಲ. ಈಗ ಆ ತಟ್ಟೆ ಹೋಗಬೇಕಾದ ಜಾಗ ಇಡೀ ಮನೆಯಲ್ಲಿ ಒಂದೇ ಇತ್ತು. ಭಾವ ಬಾಗಿಲ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

"ಸರಿ," ಎಂದು ರಷ್ಯನ್ನಿನಲ್ಲಿ ನಕ್ಕರು. "ನಮ್ಮಲ್ಲಿ ತಲೆ ಕೊಯ್ಯೋದು ಮನೆ ಯಜಮಾನ. ಈ ಮನೆಗೆ ಯಜಮಾನ ನಾನೇ."

ಚಾಕು ಎತ್ತಿಕೊಂಡರು. ಜನ ಫೋನು ಎತ್ತಿಕೊಂಡರು. ಎಸೆಂಗೆಲ್ಡಿಯ ಬಾಯಲ್ಲಿದ್ದ ರೊಟ್ಟಿ ಅಲ್ಲೇ ನಿಂತಿತು.

"ಅಣ್ಣಾ," ಅಂದ ಅವನು ನಮ್ಮ ಮಾತಿನಲ್ಲಿ, "ಅಣ್ಣಾ, ಚಾಕು ಇಡಿ. ಅಜ್ಜ ಇದಾರೆ."

"ಸುಮ್ನಿರೋ. ಇವರಿಗೇನು ಗೊತ್ತಾಗುತ್ತೆ?"

ಮರೆತಿರಬಹುದು ಎಂದು ಆ ಕ್ಷಣದವರೆಗೂ ನನ್ನ ಮನಸ್ಸಿನ ಒಂದು ಮೂಲೆ ಭಾವನ ಪರವಾಗಿ ವಾದಿಸುತ್ತಿತ್ತು. ಮರೆತಿರಲಿಲ್ಲ. ಬಲಗಿವಿಯ ಬುಡಕ್ಕೆ ಚಾಕು ತಾಗಿಸಿ, ಫೋಟೋಗೆಂದು ತಲೆಯೆತ್ತಿ ನಕ್ಕರು. ನಾನು ಮಾವಯ್ಯನನ್ನು ನೋಡಿದೆ. ಬೂಟುಗಳ ನಡುವೆ ಕೂತು ತಮ್ಮೆರಡು ಅಂಗೈಗಳನ್ನು ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು, ತಾನು ಇದ್ದೇನೆಯೋ ಇಲ್ಲವೋ ಎಂದು ಪರೀಕ್ಷಿಸುವವರ ಹಾಗೆ. ಬದುಕಿರುವವರೆಗೂ ತಟ್ಟೆಯನ್ನು ಹಿಂದಕ್ಕೆ ತಳ್ಳಿದ ನನ್ನ ಗಂಡನ ಎರಡು ಕೈ ಕಣ್ಣ ಮುಂದೆ ಬಂದವು. ಆಮೇಲೆ ನನಗೆ ಹಿಂದುಮುಂದು ಕಾಣಲಿಲ್ಲ.

"ಕನಾಪಿಯಾರ ಮಗ ಸೈಲಾವ್‌ಬೆಕ್!" ಅಂದೆ. "ನಿಮ್ಮಪ್ಪ ಯಾವತ್ತು ಸತ್ತರು?"

ಮೂವತ್ತೊಂದು ವರ್ಷ ಆಡದ ಎರಡು ಹೆಸರು, ಒಂದೇ ಉಸಿರಿನಲ್ಲಿ. ಕಂಬಳಿ ಗೋಡೆಗೆ ಪ್ರತಿಧ್ವನಿ ಇಲ್ಲ, ಆದರೂ ನನಗೆ ಎರಡೆರಡು ಸಲ ಕೇಳಿಸಿತು. ಭಾವ ಚಾಕು ಹಿಡಿದೇ ನನ್ನ ಕಡೆ ತಿರುಗಿದರು.

"ಬಾಲ್ಜಾನ್! ನೀನು ಈ ಮನೆ ಸೊಸೆ!"

"ಹೌದು, ಸೊಸೆ. ಅಲ್ಲಿ ಬೂಟಿನ ಪಕ್ಕ ಕೂತಿದಾರಲ್ಲ, ಅವರ ಸೊಸೆ. ಮಾವ ಸತ್ರೆ ಮೊದಲು ಎದೆ ಬಡ್ಕೊಂಡು ಅಳಬೇಕಾದೋಳು ನಾನು. ನನಗೆ ಯಾಕೆ ಯಾರೂ ಹೇಳಿಲ್ಲ? ಬೆಳಿಗ್ಗೆ ಮರಿ ಹಿಡ್ಕೊಂಡು ನಿಂತಿದ್ದು ಯಾರು ಹಾಗಾದ್ರೆ, ದೆವ್ವಾನಾ?"

ಚಾಕುವಿನ ಕೆಳಗಿನಿಂದ ತಟ್ಟೆ ಎಳೆದುಕೊಂಡೆ. ಸಾರು ಚೆಲ್ಲಿ ಮಕಮಲ್ಲಿನ ನಿಲುವಂಗಿಗೆ ಬಿತ್ತು, ಬೀಳಲಿ. ಜನರ ಮಂಡಿ ದಾಟಿ, ಬೂಟುಗಳನ್ನು ಕಾಲಿನಿಂದ ಸರಿಸಿ, ಮೂತಿ ಮಾವಯ್ಯನ ಕಡೆಗೆ ತಿರುಗಿಸಿ ತಟ್ಟೆ ಇಟ್ಟೆ. "ಕೊಯ್ಯಿರಿ ಮಾವಯ್ಯ," ಅಂದೆ. ಅವರು ಈಗಲೂ "ಬಿಡು ಮಗಳೇ" ಅಂದರೆ ನನ್ನ ಕತೆ ಮುಗಿಯಿತು.

ಅವರು ಆ ತಲೆಯನ್ನು ನೋಡಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿದರು. ಕುದುರೆ ಮೇಲಿಂದ ಬಿದ್ದ ಮೇಲೆ ಅವರು ಹಾಗೆ ಕೂತದ್ದನ್ನು ನಾನು ನೋಡಿರಲಿಲ್ಲ.

"ಚಾಕು," ಅಂದರು.

ಎಸೆಂಗೆಲ್ಡಿ ಭಾವನ ಕೈಯಿಂದ ಚಾಕು ಬಿಡಿಸಿಕೊಂಡು ಬಂದು, ಹಿಡಿಯನ್ನು ಮುಂದೆ ಮಾಡಿ ಕೊಟ್ಟ. ಮಾವಯ್ಯ ಅದನ್ನು ತೊಡೆಗೆ ಒರೆಸಿದರು. ಬಿಳಿಗೂದಲಿನಾಕೆಯ ಕಡೆ ನೋಡಿ, ಸೈನ್ಯದ ರಷ್ಯನ್ನಿನಲ್ಲಿ, ಜೋರಾಗಿ ಹೇಳಿದರು:

"ಅಮ್ಮಾ, ನಾನು ಆಳಲ್ಲ. ಅವನಪ್ಪ. ಇನ್ನೂ ಇದೀನಿ."

ಆಕೆ ಭಾವನನ್ನು ನೋಡಿದಳು, ಮಾವಯ್ಯನನ್ನು ನೋಡಿದಳು. ಪಕ್ಕದವರಿಗೆ ತಮ್ಮ ಭಾಷೆಯಲ್ಲಿ ಏನೋ ಹೇಳಿದಳು. ಹದಿನಾಲ್ಕು ಜನ ಕೂತಲ್ಲೇ ತಿರುಗಿ ಬಾಗಿಲ ಕಡೆ ಮುಖ ಮಾಡಿದರು. ಭಾವ ಎತ್ತರದ ಜಾಗದಲ್ಲಿ ಎಲ್ಲರ ಬೆನ್ನ ಹಿಂದೆ ಉಳಿದರು. ಹಿಂದಿನ ಸಾಲಿನ ಒಬ್ಬ ಹುಡುಗಿ, ಇದೂ ಕಾರ್ಯಕ್ರಮದಲ್ಲಿ ಸೇರಿದೆ ಎಂದುಕೊಂಡು ಚಪ್ಪಾಳೆ ತಟ್ಟಿದಳು.

ಮಾವಯ್ಯ ಬಿಸ್ಮಿಲ್ಲಾ ಎಂದು ಬಲಗಿವಿ ಕೊಯ್ದರು. ಕಿವಿ ಮಕ್ಕಳ ಪಾಲು, ಹಿರಿಯರ ಮಾತು ಕಿವಿಗೆ ಬೀಳಲಿ ಎಂದು ಕೊಡುವುದು. ಹತ್ತು ವರ್ಷ ದಾಟಿದವರಿಗೆ ಯಾರೂ ಕೊಡುವುದಿಲ್ಲ.

"ದೊಡ್ಡೋನೇ, ಬಾ ಇಲ್ಲಿ."

ಐವತ್ತೊಂಬತ್ತು ವರ್ಷದ ಭಾವ ಎದ್ದು ಬಂದರು. ಬೂಟುಗಳ ನಡುವೆ ಮಂಡಿಯೂರಿದರು. ನಿಲುವಂಗಿಯ ಮೇಲೆ ಸಾರು ಗಟ್ಟಿಯಾಗುತ್ತಿತ್ತು.

"ತಗೋ. ಚಿಕ್ಕಂದಿನಲ್ಲಿ ಕೊಟ್ಟಿದ್ದು ಸಾಲಲಿಲ್ಲ ಅಂತ ಕಾಣುತ್ತೆ."

ತಗೊಂಡರು. ಬಾಯಿಗೆ ಹಾಕಿಕೊಂಡರು.

"ಅಪ್ಪಾ," ಅಂದರು ಕೊನೆಗೆ, "ನಿಮ್ಮ ಒಳ್ಳೇದಕ್ಕೇ... ಆ ಕೆಮ್ಮು..."

"ಕೆಮ್ತೀನಪ್ಪಾ. ಬದುಕಿರೋರು ಕೆಮ್ತಾರೆ."

"ನೀವೇ ಹೂಂ ಅಂದಿದ್ರಲ್ಲ."

"ಹೂಂ ಅಂದೋನನ್ನ ನೀನು ಈಗ ತಾನೇ ಅಲ್ಲಿ ಕೂತು ಕೊಂದೆಯಲ್ಲ. ಅವನು ಹೋದ. ಇವನು ಬೇರೆ, ಇವನು ಇಲ್ಲೇ ಇರ್ತಾನೆ. ನಾನು ನಿಜವಾಗ್ಲೂ ಸತ್ತ ಮೇಲೆ ಬಾ, ತಲೆ ಕೊಯ್ಯುವಂತೆ. ಈ ಹುಡುಗಿ ತಟ್ಟೆ ಇಟ್ಟುಕೊಡ್ತಾಳೆ." ಆಮೇಲೆ ಕತ್ತು ತಿರುಗಿಸಿದರು. "ಎಸೆಂಗೆಲ್ಡಿ, ನನ್ನ ಗಂಟು ಇಳಿಸು."

ಎಸೆಂಗೆಲ್ಡಿ ಬೂಟು ಹಾಕಿಕೊಳ್ಳುವುದಕ್ಕೂ ನಿಲ್ಲಲಿಲ್ಲ, ಬರಿಗಾಲಿನಲ್ಲೇ ಓಡಿದ.

ಊಟ ನಡೆಯಿತು. ಮಾವಯ್ಯ ತಲೆಯ ಮಾಂಸವನ್ನು ಸಣ್ಣಗೆ ಕೊಯ್ದು ಹದಿನಾಲ್ಕು ಜನಕ್ಕೂ ಒಂದೊಂದು ಚೂರು ಅಂಗೈಗೆ ಹಾಕಿದರು. ಬಿಳಿಗೂದಲಿನಾಕೆ ಕಣ್ಣು ಮುಚ್ಚಿಕೊಂಡು ನುಂಗಿ, ಮತ್ತೆ ಕೈ ಚಾಚಿದಳು. ಐದಕ್ಕೆ ಬಸ್ಸು ಹೊರಡುವಾಗ ಭಾವ ಅಪ್ಪನ ಕೈ ಹಿಡಿದು ಸ್ವಲ್ಪ ಹೊತ್ತು ನಿಂತರು. ನನ್ನ ಕಡೆ ನೋಡಲಿಲ್ಲ. ಸಿಮೆಂಟಿನ ಮನೆಯ ಆಸೆ ಒಂದು ಕಿವಿಯ ತುಂಡಿಗೆ ಕರಗಿತೆಂದು ನಾನೇನೂ ನಂಬುವುದಿಲ್ಲ. ಬಸ್ಸು ತಿರುವು ದಾಟಿದ ಮೇಲೆ ನಾನು ಗಂಟು ಬಿಚ್ಚಿ ಅತ್ತೆಯ ಚಹಾ ಬಟ್ಟಲನ್ನು ಮೊದಲಿದ್ದ ಜಾಗದಲ್ಲಿಟ್ಟೆ.

ಆಮೇಲೆ ಹೆದರಿಕೆ ಶುರುವಾಯಿತು. ಸಿಟ್ಟು ಇಳಿದ ಮೇಲೆ ನನಗೆ ಯಾವಾಗಲೂ ಹೀಗೇ. ಸಂಜೆಯ ಹಾಲಿಗೆ ಮರಿ ಹಿಡಿದು ನಿಂತಿದ್ದ ಮಾವಯ್ಯನ ಮುಖ ನೋಡದೆ, ಕುದುರೆಯ ಹೊಟ್ಟೆಗೆ ಹಣೆ ಒತ್ತಿಕೊಂಡು ಹೇಳಿದೆ.

"ಮಾವಯ್ಯ, ಎಲ್ಲರ ಮುಂದೆ ನಿಮ್ಮ ಹೆಸರು ಹಿಡಿದುಬಿಟ್ಟೆ."

"ಕೇಳಿಸ್ತು."

"ತಪ್ಪಾಯ್ತು."

"ನಿಮ್ಮತ್ತೆ ಹೋದ ಮೇಲೆ ಆ ಹೆಸರು ಯಾರೂ ಕರೆದಿರ್ಲಿಲ್ಲ. ಅಜ್ಜ, ಅಪ್ಪ, ಮಾವಯ್ಯ. ಅಂಥ ಹೆಸರಿನೋನು ಒಬ್ಬ ಇದಾನೆ ಅಂತ ನನಗೇ ಮರ್ತುಹೋಗಿತ್ತು." ಮರಿ ಕೊಸರಾಡಿತು, ಅದರ ಕತ್ತನ್ನು ಬಿಗಿಯಾಗಿ ಅಪ್ಪಿಕೊಂಡರು. "ಅದಿರಲಿ, ಕೆಳದವಡೆ ಎಲ್ಲಿಟ್ಟಿದೀಯ?"

"ಪಾತ್ರೇಲಿದೆ."

"ತಾ ಇಲ್ಲಿ. ಚಾಕೂನೂ ತಾ."

ಹಸಿವಾಗಿರಬೇಕು, ಮಧ್ಯಾಹ್ನ ಬರೀ ಹಂಚಿದರೇ ಹೊರತು ತಿನ್ನಲಿಲ್ಲ ಎಂದುಕೊಂಡು ಬಿಸಿ ಮಾಡಿ ತಂದೆ. ಕಂಬಳಿ ಮನೆಯ ಹೊರಗೆ ಬೆರಣಿ ರಾಶಿಯ ಮೇಲೆ ಕೂತಿದ್ದರು. ದವಡೆಯಿಂದ ನಾಲಿಗೆ ಬಿಡಿಸಿದರು, ಸಿಪ್ಪೆ ಸುಲಿದರು, ಬುಡದಿಂದ ತುದಿಯವರೆಗೆ ತುಂಡೇ ಮಾಡದೆ ಇಡಿಯಾಗಿ ನನ್ನ ಅಂಗೈ ಮೇಲಿಟ್ಟರು.

"ಮಾವಯ್ಯ, ಸೊಸೆ ನಾಲಿಗೆ ತಿನ್ನಬಾರ್ದು. ಬಾಯಿ ಜೋರಾಗುತ್ತೆ."

"ಆಗ್ಲಿ," ಅಂದರು. "ಮುಂದಿನ ಶನಿವಾರಾನೂ ಬಸ್ಸು ಬರುತ್ತೆ."

ಉಪ್ಪು ಹಾಕಿಕೊಂಡು, ಅಲ್ಲೇ ನಿಂತು, ಅಷ್ಟೂ ತಿಂದೆ.